ವಿಂಚೆಸ್ಟರ್ 94, ಮಾರ್ಲಿನ್ 336, ಸ್ಯಾವೇಜ್ 99: ನಿಮ್ಮ ಬೇಟೆಗೆ ಯಾವ ಲಿವರ್ ರೈಫಲ್?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ರೈಫಲ್ ಜಿಂಕೆ ಸೀಸನ್ ಶುರುವಾಗುತ್ತದೆ. ಆ ರಾಜ್ಯದಲ್ಲಿ ಜಿಂಕೆ, ಕರಡಿಯಂಥ ದೊಡ್ಡ ಪ್ರಾಣಿಗಳಿಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ಬಳಸುವ ಹಾಗಿಲ್ಲ. ಪ್ರತಿ ಈಡಿಗೂ ಕೈಯಿಂದಲೇ ತೋಟಾ ಏರಿಸಬೇಕು. ಲಿವರ್ ಆ್ಯಕ್ಷನ್ ರೈಫಲ್ ಅಲ್ಲಿ ಇವತ್ತಿಗೂ ಗೋಡೆಗೆ ತೂಗುಹಾಕುವ ಅಲಂಕಾರವಾಗದೆ ಕೆಲಸದ ವಸ್ತುವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ ನೆಲೆಸಿ, ಬೇಟೆ ಕಲಿಯಬೇಕು ಅಂದುಕೊಂಡ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಬಾಗಿಲು ಮುಚ್ಚಿತು. ಕೊಡಗು, ಮಲೆನಾಡಿನ ಮನೆಗಳಲ್ಲಿ ಕೋವಿ ನೋಡಿ ಬೆಳೆದವರಿಗೂ ಈ ರೈಫಲ್ ಹೊಸದೇ. ಅಲ್ಲಿ ಕಾಣುವುದು ಹೆಚ್ಚಾಗಿ ಚರೆ ಹಾರಿಸುವ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಕೋವಿ. ಇದು ಒಂದೇ ಗುಂಡನ್ನು ತಿರುಗಿಸುತ್ತಾ ದೂರಕ್ಕೆ ಕಳಿಸುವ ಸಾಧನ.

ಕೆಲಸ ಮಾಡುವ ರೀತಿ ಸರಳ. ಟ್ರಿಗರ್ ಸುತ್ತ ಇರುವ ಕಬ್ಬಿಣದ ಬಳೆಯೇ ಲಿವರ್. ಅದನ್ನು ಕೆಳಕ್ಕೆ ತಳ್ಳಿದರೆ ಹಾರಿಸಿದ ತೋಟಾದ ಖಾಲಿ ಕೊಳವೆ ಹೊರಗೆ ಬೀಳುತ್ತದೆ. ವಾಪಸ್ ಎಳೆದರೆ ಹೊಸ ತೋಟಾ ನಳಿಗೆಯ ಬುಡಕ್ಕೆ ಏರುತ್ತದೆ.

ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬಂದೂಕಿನ ಫೋಟೋ ನೋಡಿ ಶುರು ಮಾಡುತ್ತಾರೆ. ಚಂದದ ಮರ, ಹೊಳೆಯುವ ಹಿತ್ತಾಳೆ, ಹಳೆಯ ಹೆಸರು. ಹಾಗೆ ಆರಿಸಬೇಡಿ. ಮೊದಲು ನೀವು ಹೋಗುವ ಕಾಡು ನೋಡಿ. ಆಮೇಲೆ ನಿಮ್ಮ ಕಣ್ಣು ಎಂಥದ್ದು ಅಂತ ನೋಡಿ. ಬಂದೂಕು ಮೂರನೆಯದು. ಈ ಮೂರು ರೈಫಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಕೂಡ ಅಲ್ಲೇ ಇದೆ.

ಮೊದಲು ದೂರ

ಲಿವರ್ ರೈಫಲ್ ಅಂದರೆ ಬಹಳಷ್ಟು ಜನರಿಗೆ .30-30 ತೋಟಾ. ಕರಿಮದ್ದಿನ ಕಾಲ ಮುಗಿದು ಹೊಗೆಯಿಲ್ಲದ ಮದ್ದು ಬಂದ ಹೊಸತರಲ್ಲಿ, 1895ರಲ್ಲಿ, ವಿಂಚೆಸ್ಟರ್ ಇದನ್ನು ಮಾರುಕಟ್ಟೆಗೆ ತಂದಿತು. 150 ಗ್ರೇನ್ ತೂಕದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 2,390 ಅಡಿ ವೇಗದಲ್ಲಿ ಹೊರಡುತ್ತದೆ. ಇಂದಿನ ಲೆಕ್ಕದಲ್ಲಿ ಇದು ನಿಧಾನವೇ. 100 ಗಜಕ್ಕೆ ಗುರಿ ಕೂರಿಸಿದ ರೈಫಲ್‌ನಲ್ಲಿ, 200 ಗಜದ ಹೊತ್ತಿಗೆ ಗುಂಡು ಸುಮಾರು 8 ಇಂಚು ಕೆಳಗೆ ಇಳಿದಿರುತ್ತದೆ. ಅದೇ ಲೆಕ್ಕದಲ್ಲಿ .308 ವಿಂಚೆಸ್ಟರ್ ತೋಟಾದ ಗುಂಡು ಇಳಿಯುವುದು ಹೆಚ್ಚುಕಡಿಮೆ ಅದರ ಅರ್ಧ.

ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ. ಗುಂಡು ಅಲ್ಲಿಗೇ ಬೀಳಬೇಕು. ಇಲ್ಲದಿದ್ದರೆ ಪ್ರಾಣಿ ಗಾಯವಾಗಿ ಓಡುತ್ತದೆ, ನರಳಿ ಸಾಯುತ್ತದೆ. ಅದಕ್ಕೇ ದೂರದ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳಬಾರದು. .30-30ಯನ್ನು ನಾನು 150 ಗಜದ ತೋಟಾ ಅಂತಲೇ ಲೆಕ್ಕ ಹಾಕುತ್ತೇನೆ. ಕೈ ಪಳಗಿದವರಿಗೆ ಇನ್ನೂ ಸ್ವಲ್ಪ ಮುಂದೆ.

ಪೆನ್ಸಿಲ್ವೇನಿಯಾ, ಮೇನ್, ಮಿಷಿಗನ್‌ನ ಉತ್ತರ ಭಾಗದಂಥ ದಟ್ಟ ಕಾಡುಗಳಲ್ಲಿ 100 ಗಜದಾಚೆ ಕಣ್ಣಿಗೆ ಮರ ಬಿಟ್ಟು ಬೇರೇನೂ ಕಾಣದ ಜಾಗಗಳೇ ಜಾಸ್ತಿ. ಅಲ್ಲಿ .30-30 ಧಾರಾಳ ಸಾಕು. ಒದೆತ ಕಮ್ಮಿ, ಹಾಗಾಗಿ ಹೊಸಬರು ಹೆದರದೆ ಅಭ್ಯಾಸ ಮಾಡಬಹುದು. ವಯೋಮಿಂಗ್, ಮೊಂಟಾನಾದ ಬಯಲಿಗೆ ಹೋಗುವವರು ನೀವಾದರೆ ಮಾತು ಬೇರೆ. ಆಗ ಈ ಮೂರರಲ್ಲಿ ಸ್ಯಾವೇಜ್ ಒಂದೇ ಲೆಕ್ಕಕ್ಕೆ ಬರುವುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಇದು ಸುರಕ್ಷತೆಯ ಪ್ರಶ್ನೆ. ವಿಂಚೆಸ್ಟರ್ 94 ಮತ್ತು ಮಾರ್ಲಿನ್ 336ರಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ, ಅಂದರೆ ಮ್ಯಾಗಜೀನ್‌ನಲ್ಲಿ, ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್‌ಗೆ ತಾಗಿರುತ್ತದೆ. ಗುಂಡು ಚೂಪಾಗಿದ್ದರೆ, ಒದೆತದ ಪೆಟ್ಟಿಗೆ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಅದಕ್ಕೇ ಈ ರೈಫಲ್‌ಗಳಿಗೆ ಚಪ್ಪಟೆ ಅಥವಾ ದುಂಡು ಮೂತಿಯ ಗುಂಡನ್ನೇ ಹಾಕಬೇಕು. ಹಾರ್ನಡಿ ಕಂಪನಿ ಮೆತ್ತನೆಯ ಪಾಲಿಮರ್ ತುದಿಯ ಲೆವರೆವಲ್ಯೂಷನ್ ತೋಟಾ ತಂದ ಮೇಲೆ ಚೂಪು ಆಕಾರದ ಗುಂಡನ್ನೂ ಬಳಸುವಂತಾಯಿತು, ದೂರವೂ ಸ್ವಲ್ಪ ಹೆಚ್ಚಿತು. ಆದರೆ ಕೊಳವೆ ಮ್ಯಾಗಜೀನ್‌ಗೆ ಅಂತಲೇ ಮಾಡಿದ ತೋಟಾ ಬಿಟ್ಟು ಬೇರೆ ಯಾವ ಚೂಪು ಗುಂಡನ್ನೂ ಹಾಕಬೇಡಿ.

ಆಮೇಲೆ ಕಣ್ಣು

ನಲವತ್ತು ದಾಟಿದವರಿಗೆ ಇದು ಗೊತ್ತು. ಓದಲು ಕನ್ನಡಕ ಬೇಕಾದ ದಿನದಿಂದ ರೈಫಲ್‌ನಲ್ಲಿ ಗುರಿ ಹಿಡಿಯಲು ನೋಡುವ ಹಿಂದಿನ ಸೈಟ್ ಮಸುಕಾಗುತ್ತದೆ. ಹಿಂದಿನ ಸೈಟ್, ಮುಂದಿನ ಸೈಟ್, ಜಿಂಕೆ, ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲು ಆಗುವುದಿಲ್ಲ. ಬೇಟೆ ಸಿಗುವುದು ಹೆಚ್ಚಾಗಿ ಬೆಳಗಿನ ಮಬ್ಬಿನಲ್ಲಿ ಅಥವಾ ಸಂಜೆ, ಬೆಳಕು ಕಮ್ಮಿ ಇರುವಾಗ. ಆಗ ರೈಫಲ್ ಮೇಲೆ ಕೂರುವ ದುರ್ಬೀನು, ಅಂದರೆ ಸ್ಕೋಪ್, ಇದ್ದರೆ ಅನುಕೂಲ.

ವಿಂಚೆಸ್ಟರ್ 94 ಇಲ್ಲಿ ಸೋಲುತ್ತದೆ. ಹಳೆಯ 94ಗಳು ಹಾರಿಸಿದ ತೋಟಾದ ಖಾಲಿ ಕೊಳವೆಯನ್ನು ನೇರ ಮೇಲಕ್ಕೆ ಉಗುಳುತ್ತವೆ. ಸ್ಕೋಪ್ ಕೂರಿಸಬೇಕಾದ ಜಾಗವೇ ಕೊಳವೆ ಹಾರುವ ದಾರಿ. ಪಕ್ಕಕ್ಕೆ ಸರಿಸಿ ಕೂರಿಸುವ ಉಪಾಯಗಳಿವೆ, ಯಾವುದೂ ಕೈಗೆ ಹಿತವಲ್ಲ. 1980ರ ದಶಕದ ಆರಂಭದಲ್ಲಿ ವಿಂಚೆಸ್ಟರ್ ಇದನ್ನು ಸರಿಪಡಿಸಿ, ಕೊಳವೆ ಬಲಕ್ಕೆ ಓರೆಯಾಗಿ ಹಾರುವ ಆ್ಯಂಗಲ್ ಇಜೆಕ್ಟ್ ಮಾದರಿ ತಂದಿತು. ಅದರ ಮೇಲೆ ಸ್ಕೋಪ್ ಕೂರುತ್ತದೆ. ಆದರೂ 94ರ ಮೈಮಾಟಕ್ಕೆ ಸ್ಕೋಪ್ ಒಗ್ಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಮಾರ್ಲಿನ್ ಇದನ್ನು 19ನೇ ಶತಮಾನದಲ್ಲೇ ಬಗೆಹರಿಸಿತ್ತು. ಅವರ 1889ರ ಮಾದರಿಯಿಂದಲೇ ರಿಸೀವರ್‌ನ, ಅಂದರೆ ಒಳಯಂತ್ರ ಕೂತಿರುವ ಲೋಹದ ನಡುಭಾಗದ, ತಲೆ ಗಟ್ಟಿಯಾಗಿ ಮುಚ್ಚಿದೆ, ಖಾಲಿ ಕೊಳವೆ ಬಲಪಕ್ಕಕ್ಕೆ ಹಾರುತ್ತದೆ. ಆಗ ಸ್ಕೋಪ್ ಯೋಚನೆ ಯಾರಿಗೂ ಅಷ್ಟಾಗಿ ಇರಲಿಲ್ಲ. ಮಳೆ, ಹಿಮ ಒಳಗೆ ಬೀಳದಿರಲಿ, ಕೊಳವೆ ಮುಖಕ್ಕೆ ಬಡಿಯದಿರಲಿ ಅನ್ನುವ ಲೆಕ್ಕ. ಅರ್ಧ ಶತಮಾನದ ನಂತರ ಅದೇ ವಿನ್ಯಾಸ ಸ್ಕೋಪ್‌ಗೆ ಹೇಳಿ ಮಾಡಿಸಿದಂತಾಯಿತು.

ಸ್ಕೋಪ್ ಹಾಕುವುದಾದರೆ ಕಮ್ಮಿ ಪವರಿನದು ಸಾಕು. 1-4 ಪಟ್ಟು ಅಥವಾ 2-7 ಪಟ್ಟು ಹಿಗ್ಗಿಸಿ ತೋರಿಸುವುದು. ದಪ್ಪ ಗಾಜಿನ ದೊಡ್ಡ ಸ್ಕೋಪ್ ಕೂರಿಸಿದರೆ ಈ ರೈಫಲ್‌ನ ಹಗುರ, ಚುರುಕು ಎರಡೂ ಹೋಗುತ್ತವೆ. ಟ್ರಿಗರ್ ಒತ್ತಿದಾಗ ಬಡಿದು ತೋಟಾ ಸಿಡಿಸುವ ಹ್ಯಾಮರ್ ಸ್ಕೋಪ್ ಕೆಳಗೆ ಬೆರಳಿಗೆ ಸಿಗುವುದಿಲ್ಲ, ಹಾಗಾಗಿ ಹ್ಯಾಮರ್‌ಗೆ ಪಕ್ಕದಿಂದ ಚಾಚುವ ಸಣ್ಣ ಕೊಂಡಿ ಹಾಕಿಸಿಕೊಳ್ಳಬೇಕು. ಸ್ಕೋಪ್ ಬೇಡ ಅನ್ನುವವರಿಗೆ ಪೀಪ್ ಸೈಟ್ ಒಳ್ಳೆಯ ದಾರಿ. ಸಣ್ಣ ರಂಧ್ರದ ಮೂಲಕ ನೋಡುವುದರಿಂದ ಹಿಂದಿನ ಸೈಟ್ ಮೇಲೆ ಕಣ್ಣು ನೆಡುವ ಕೆಲಸವೇ ಇಲ್ಲ.

ವಿಂಚೆಸ್ಟರ್ 94

ಜಾನ್ ಬ್ರೌನಿಂಗ್ ವಿನ್ಯಾಸ. 1894ರಿಂದ ಈವರೆಗೆ 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಕಣ್ಣು ಚೆನ್ನಾಗಿದ್ದು, ಕೂರುವುದಕ್ಕಿಂತ ನಡೆಯುತ್ತಾ ಬೇಟೆಯಾಡುವವರು ನೀವಾದರೆ ಇದಕ್ಕಿಂತ ಒಳ್ಳೆಯದು ಕಷ್ಟ. 20 ಇಂಚಿನ ನಳಿಗೆಯ ಕಾರ್ಬೈನ್ ಸುಮಾರು ಆರೂವರೆ ಪೌಂಡ್, ಅಂದರೆ 3 ಕಿಲೋ ಆಸುಪಾಸು. ರಿಸೀವರ್ ಎಷ್ಟು ತೆಳು ಅಂದರೆ ಒಂದೇ ಕೈಯ ಮುಷ್ಟಿಯಲ್ಲಿ ಹಿಡಿದು ಇಡೀ ದಿನ ಗುಡ್ಡ ಹತ್ತಬಹುದು. ತೂಕ ಸರಿಯಾಗಿ ಅಂಗೈಯಲ್ಲೇ ನಿಲ್ಲುತ್ತದೆ. ಈ ಗುಣ ಅಂಗಡಿಯಲ್ಲಿ ಐದು ನಿಮಿಷ ಹಿಡಿದರೆ ಗೊತ್ತಾಗುವುದಿಲ್ಲ.

ಹಳೆಯದು ಹುಡುಕುವಾಗ "1964ಕ್ಕೆ ಮುಂಚಿನದಾ?" ಅನ್ನುವ ಮಾತು ಕೇಳಿಯೇ ಕೇಳುತ್ತೀರಿ. ಆ ವರ್ಷ ಖರ್ಚು ಕಮ್ಮಿ ಮಾಡಲು ಕಂಪನಿ ತಯಾರಿಕೆಯನ್ನೇ ಬದಲಿಸಿತು. ಕಡೆದು ಮಾಡುತ್ತಿದ್ದ ಭಾಗಗಳ ಜಾಗಕ್ಕೆ ತಗಡು ಒತ್ತಿ ಮಾಡಿದ ಭಾಗಗಳು ಬಂದವು. ರಿಸೀವರ್‌ನ ಲೋಹವೂ ಬದಲಾಯಿತು, ಅದಕ್ಕೆ ಹಳೆಯ ರೀತಿಯ ನೀಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಲಿವರ್ ಆಡಿಸಿದಾಗ ಸದ್ದು ಜಾಸ್ತಿ. ಜನ ಕೋಪಗೊಂಡರು, ಹಳೆಯದಕ್ಕೆ ಬೆಲೆ ಏರಿತು. ಸಂಗ್ರಹಕ್ಕೆ ಬೇಕಾದರೆ ಆ ಬೆಲೆ ಕೊಡಿ. ಬೇಟೆಗೆ ಮಾತ್ರ ಅಂದರೆ ಕೊಡಬೇಕಾಗಿಲ್ಲ. 1970, 80ರ ದಶಕದ 94ರ ಗುಂಡೂ ಜಿಂಕೆಗೆ ಅಷ್ಟೇ ನೇರವಾಗಿ ಹೋಗುತ್ತದೆ.

ಕನೆಕ್ಟಿಕಟ್‌ನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಈಗಿನ 94ಗಳು ಜಪಾನಿನ ಮಿರೋಕು ಕಾರ್ಖಾನೆಯವು. ಕೆಲಸ ಬಹಳ ಅಚ್ಚುಕಟ್ಟು. "ಜಪಾನಿನದು ನಿಜವಾದ ವಿಂಚೆಸ್ಟರ್ ಅಲ್ಲ" ಅನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ತೊಂದರೆ ಒಂದಿದೆ. ಬಿಚ್ಚಿ ಸ್ವಚ್ಛ ಮಾಡುವುದು ಸುಲಭವಲ್ಲ. ಲಿವರ್ ತೆರೆದಾಗ ರಿಸೀವರ್‌ನ ತಳವೇ ಕೆಳಗೆ ಬಾಗಿಕೊಂಡು ಬರುವ ರಚನೆ ಇದು. ಅನುಭವ ಇಲ್ಲದೆ ಬಿಚ್ಚಲು ಹೋಗಬೇಡಿ, ನಳಿಗೆಯನ್ನು ಮೂತಿಯ ಕಡೆಯಿಂದಲೇ ಎಚ್ಚರಿಕೆಯಿಂದ ಸ್ವಚ್ಛ ಮಾಡಿ.

ಮಾರ್ಲಿನ್ 336

ಮೊದಲ ರೈಫಲ್ ಕೊಳ್ಳುವವರು ಒಂದೇ ಮಾತಿನಲ್ಲಿ ಉತ್ತರ ಹೇಳಿ ಅಂದರೆ, .30-30ರ ಮಾರ್ಲಿನ್ 336. ಇದು 1948ರಲ್ಲಿ ಬಂತು. 94ಕ್ಕಿಂತ ದಪ್ಪ, ಸುಮಾರು ಅರ್ಧ ಪೌಂಡ್ ಭಾರ. ಆ ಭಾರ ಒದೆತವನ್ನು ತಗ್ಗಿಸುತ್ತದೆ. ಸ್ಕೋಪ್ ಸಲೀಸಾಗಿ ಕೂರುತ್ತದೆ. ಬಿಚ್ಚುವುದು ಎಷ್ಟು ಸುಲಭ ಅಂದರೆ, ಲಿವರ್‌ನ ಒಂದು ಸ್ಕ್ರೂ ತೆಗೆದು ಲಿವರ್ ಹೊರಗೆಳೆದರೆ ನಳಿಗೆಯ ಬುಡ ಮುಚ್ಚುವ ಬೋಲ್ಟ್ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ಆಮೇಲೆ ನಳಿಗೆಯನ್ನು ಹಿಂದಿನಿಂದಲೇ ಉಜ್ಜಬಹುದು. ಮಳೆಯಲ್ಲಿ ನೆನೆದು ಮನೆಗೆ ಬಂದ ರಾತ್ರಿ ಇದರ ಬೆಲೆ ತಿಳಿಯುತ್ತದೆ. .35 ರೆಮಿಂಗ್ಟನ್ ತೋಟಾಕ್ಕೂ 336 ಸಿಗುತ್ತಿತ್ತು. ದಟ್ಟ ಕಾಡಿಗೆ, ಕರಡಿಗೆ ಅದು ಬಹಳ ಒಳ್ಳೆಯದು, ಆದರೆ ಈಗ ತೋಟಾ ಹುಡುಕಿಕೊಂಡು ಅಲೆಯಬೇಕು.

ಯಾವ ಕಾಲದ ಮಾರ್ಲಿನ್ ಅನ್ನುವುದು ಇಲ್ಲಿ ಮುಖ್ಯ. ನಳಿಗೆಯ ಬುಡದಲ್ಲಿ, ರಿಸೀವರ್ ಹತ್ತಿರ, "ಜೆಎಂ" ಮುದ್ರೆ ಇದ್ದರೆ ಅದು ಕನೆಕ್ಟಿಕಟ್‌ನಲ್ಲಿ ಹಳೆಯ ಕಂಪನಿ ಮಾಡಿದ್ದು. 2007ರ ಕೊನೆಯಲ್ಲಿ ರೆಮಿಂಗ್ಟನ್ ಕಂಪನಿ ಮಾರ್ಲಿನ್ ಕೊಳ್ಳುವುದಾಗಿ ಪ್ರಕಟಿಸಿತು. ಕೆಲ ವರ್ಷಗಳಲ್ಲಿ ಹಳೆಯ ಕಾರ್ಖಾನೆ ಮುಚ್ಚಿ, ಕೆಲಸ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಹೋಯಿತು. ಯಂತ್ರ ಹೋದವು, ಅವುಗಳ ಗುಟ್ಟು ಗೊತ್ತಿದ್ದ ಕೈಗಳು ಹೋಗಲಿಲ್ಲ. ಆ ಹೊಸತರಲ್ಲಿ ಬಂದ ರೈಫಲ್‌ಗಳ ಬಗ್ಗೆ ದೂರು ಬಹಳ: ಓರೆಯಾದ ಸೈಟ್, ಮರ ಮತ್ತು ಕಬ್ಬಿಣದ ನಡುವೆ ಸಂದು, ಸಿಕ್ಕಿಕೊಳ್ಳುವ ಲಿವರ್. ಕೊನೆಯ ವರ್ಷಗಳ ಮಾಲು ಸುಧಾರಿಸಿತ್ತು. ಹಾಗಾಗಿ ಆ ಕಾಲದ್ದನ್ನು ಪೂರ್ತಿ ಬಿಟ್ಟುಬಿಡಿ ಅನ್ನುವುದಿಲ್ಲ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ ಅನ್ನುತ್ತೇನೆ.

ರೆಮಿಂಗ್ಟನ್ 2020ರಲ್ಲಿ ದಿವಾಳಿಯಾದಾಗ ಮಾರ್ಲಿನ್ ಅನ್ನು ರೂಗರ್ ಬಂದೂಕು ಕಂಪನಿ ಕೊಂಡಿತು. ಉತ್ತರ ಕ್ಯಾರೊಲಿನಾದ ಮೇಯೋಡನ್‌ನಲ್ಲಿ ಹೊಸದಾಗಿ ಶುರು ಮಾಡಿ, 336 ಕ್ಲಾಸಿಕ್ ಅನ್ನು 2023ರಲ್ಲಿ ಬಿಟ್ಟರು. ಇದು ನಿಜಕ್ಕೂ ಚೆನ್ನಾಗಿದೆ. ಆದರೆ ಸಾವಿರ ಡಾಲರಿಗೆ ಮೇಲೆ.

ದುಡ್ಡು ಕಮ್ಮಿ ಇದ್ದವರಿಗೆ ಒಂದು ಸುಳಿವು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಗ್ಲೆನ್‌ಫೀಲ್ಡ್ ಅನ್ನುವ ಹೆಸರು ನೋಡಿ. ಮಾರ್ಲಿನ್ ಕಂಪನಿಯೇ ಕಮ್ಮಿ ಬೆಲೆಗೆ ಮಾರಲು ಇಟ್ಟ ಹೆಸರು ಅದು. ಗ್ಲೆನ್‌ಫೀಲ್ಡ್ 30 ಅಂದರೆ ಒಳಗೆ 336ನೇ. ವಾಲ್‌ನಟ್ ಬದಲು ಸಾದಾ ಮರದ ಹಿಡಿ, ಅಷ್ಟೇ ವ್ಯತ್ಯಾಸ.

1980ರ ದಶಕದಿಂದೀಚಿನ ಮಾರ್ಲಿನ್‌ಗಳಲ್ಲಿ ಹ್ಯಾಮರ್ ಪಕ್ಕ, ಗುಂಡು ಹಾರದಂತೆ ತಡೆಯುವ ಒತ್ತುಗುಂಡಿಯಂಥ ಸೇಫ್ಟಿ ಇದೆ. ಹಳಬರಿಗೆ ಅದನ್ನು ಕಂಡರೆ ಆಗುವುದಿಲ್ಲ. ನನಗೆ ಅದು ಒಳ್ಳೆಯದೇ ಅನಿಸುತ್ತದೆ. ಸೇಫ್ಟಿ ಇಲ್ಲದ ಹಳೆಯ ರೈಫಲ್‌ಗಳಲ್ಲಿ, ನಳಿಗೆಯಲ್ಲಿ ತೋಟಾ ಇರುವಾಗಲೇ ಹ್ಯಾಮರ್ ಅನ್ನು ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಅರ್ಧಕ್ಕೆ ಇಳಿಸಬೇಕು. ಡಿಸೆಂಬರ್ ಚಳಿಯಲ್ಲಿ ಮರಗಟ್ಟಿದ ಬೆರಳು ಜಾರಿದರೆ? ಹೊಸಬರು ಖಾಲಿ ರೈಫಲ್‌ನಲ್ಲಿ ಇದನ್ನು ಸಾಕಷ್ಟು ಅಭ್ಯಾಸ ಮಾಡಿಯೇ ಕಾಡಿಗೆ ಹೋಗಬೇಕು.

ಸ್ಯಾವೇಜ್ 99

ಯಂತ್ರಗಳನ್ನು ಪ್ರೀತಿಸುವವರು ಈ ರೈಫಲ್ ಒಮ್ಮೆ ಕೈಯಲ್ಲಿ ಹಿಡಿಯಲೇಬೇಕು. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ 1899ರಲ್ಲಿ ತಂದದ್ದು. ಆ ಕಾಲದ ಬೇರೆ ಲಿವರ್ ರೈಫಲ್‌ಗಳಲ್ಲಿ ಹ್ಯಾಮರ್ ಹೊರಗೆ ಕಾಣುತ್ತದೆ, ಇದರಲ್ಲಿ ಕಾಣುವುದೇ ಇಲ್ಲ. ಮ್ಯಾಗಜೀನ್ ಕೊಳವೆಯೂ ಇಲ್ಲ. ರಿಸೀವರ್ ಒಳಗೆ ತಿರುಗುವ ಒಂದು ಉರುಳೆ, ಅದರಲ್ಲಿ ಪ್ರತಿ ತೋಟಾಕ್ಕೂ ಬೇರೆ ತೊಟ್ಟಿಲು. ತೋಟಾಗಳು ಒಂದನ್ನೊಂದು ತಾಗುವುದಿಲ್ಲ, ಗುಂಡಿನ ಮೂತಿ ಯಾವುದಕ್ಕೂ ಬಡಿಯುವುದಿಲ್ಲ. ಅಂದರೆ ಚೂಪು ಗುಂಡು ಧೈರ್ಯವಾಗಿ ಹಾಕಬಹುದು. ಲಿವರ್ ರೈಫಲ್‌ನ ದೂರದ ಮಿತಿಯನ್ನು ಮುರಿದದ್ದು ಈ ಉರುಳೆ. ರಿಸೀವರ್‌ನ ಎಡಗಡೆ ಸಣ್ಣ ಕಿಟಕಿಯೊಂದಿದೆ, ಒಳಗೆ ಎಷ್ಟು ತೋಟಾ ಉಳಿದಿವೆ ಅನ್ನುವ ಅಂಕಿ ಅಲ್ಲಿ ಕಾಣುತ್ತದೆ. 19ನೇ ಶತಮಾನದ ಕೊನೆಯಲ್ಲಿ ಇಷ್ಟು ಯೋಚಿಸಿದ್ದಾರಲ್ಲ ಅಂತ ಇವತ್ತಿಗೂ ಬೆರಗಾಗುತ್ತದೆ.

ಈ ರೈಫಲ್‌ಗಾಗಿ 1915ರಲ್ಲಿ .250-3000 ತೋಟಾ ಬಂತು. ಸೆಕೆಂಡಿಗೆ 3,000 ಅಡಿ ವೇಗ ಅಂತ ಹೆಸರಲ್ಲೇ ಸಾರಿಕೊಂಡ ತೋಟಾ ಅದು. 1920ರಲ್ಲಿ .300 ಸ್ಯಾವೇಜ್ ಬಂತು. ಮುಂದೆ .308 ಮತ್ತು .243 ವಿಂಚೆಸ್ಟರ್‌ಗೂ ರೈಫಲ್ ಸಿದ್ಧವಾಯಿತು. .308ರ 99 ನಿಮ್ಮ ಕೈಯಲ್ಲಿದ್ದರೆ 250 ಗಜದ ಬಯಲಿನಲ್ಲೂ, ಪಕ್ಕದ ಹಿಡಿಕೆ ಎಳೆದು ತೋಟಾ ಏರಿಸುವ ಬೋಲ್ಟ್ ರೈಫಲ್ ಹಿಡಿದವರ ಪಕ್ಕ ನಿಲ್ಲಬಹುದು.

ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಹೇಳುವುದಿಲ್ಲ? ಮಾಡುವುದು ದುಬಾರಿ ಅಂತ 1990ರ ದಶಕದ ಕೊನೆಯಲ್ಲಿ ಇದರ ತಯಾರಿಕೆ ನಿಂತಿತು. ಈಗ ಸಿಗುವುದೆಲ್ಲ ಹಳೆಯದೇ. ಬಿಡಿಭಾಗ ಹುಡುಕಬೇಕು, ರಿಪೇರಿ ಗೊತ್ತಿರುವ ಬಂದೂಕು ಮೆಕ್ಯಾನಿಕ್ ಹುಡುಕಬೇಕು. .303 ಸ್ಯಾವೇಜ್ ತೋಟಾದ ಹಳೆಯ ರೈಫಲ್ ಅಗ್ಗವಾಗಿ ಸಿಕ್ಕರೂ, ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವ ಅಭ್ಯಾಸ ಇಲ್ಲದವರು ದೂರ ಇರುವುದೇ ಒಳ್ಳೆಯದು.

ಕೊಳ್ಳುವಾಗ ಮರದ ಹಿಡಿ ರಿಸೀವರ್‌ನ ಬಾಲಕ್ಕೆ ಸೇರುವ ಜಾಗ ನೋಡಿ. ಬಿರುಕು ಅಲ್ಲೇ ಬರುವುದು. ಸ್ಕೋಪ್‌ಗಾಗಿ ಯಾರೋ ಮನೆಯಲ್ಲಿ ರಂಧ್ರ ಕೊರೆದಿದ್ದರೆ ಸಂಗ್ರಹದ ಬೆಲೆ ಬಿದ್ದುಹೋಗಿರುತ್ತದೆ. ಬೇಟೆಗೆ ಕೊಳ್ಳುವವರಿಗೆ ಅದು ಲಾಭವೇ, ರಂಧ್ರ ನೇರವಾಗಿದ್ದರೆ. 1960ರ ಸುಮಾರಿಗೆ ಸೇಫ್ಟಿಯನ್ನು ಲಿವರ್‌ನಿಂದ ಮೇಲಕ್ಕೆ, ಹೆಬ್ಬೆರಳಿಗೆ ಸಿಗುವ ಜಾಗಕ್ಕೆ ತಂದರು. ಎಡಗೈಯವರಿಗೆ ಆ ನಂತರದ 99 ಬಹಳ ಅನುಕೂಲ.

ಉಳಿದವು

ಹೆನ್ರಿ: 1860ರ ಹೆನ್ರಿ ರೈಫಲ್‌ನ ಹೆಸರು ಇಟ್ಟುಕೊಂಡ, 1996ರಲ್ಲಿ ಶುರುವಾದ ಹೊಸ ಕಂಪನಿ. ಲಿವರ್ ನುಣುಪಾಗಿ ಆಡುತ್ತದೆ. ಮ್ಯಾಗಜೀನ್ ಕೊಳವೆಯ ಒಳನಳಿಕೆ ಹೊರಗೆಳೆದರೆ ತೋಟಾಗಳೆಲ್ಲ ಜಾರಿ ಬರುತ್ತವೆ. ಹಳೆಯ 94, 336ರಲ್ಲಿ ಖಾಲಿ ಮಾಡಬೇಕಾದರೆ ಒಂದೊಂದು ತೋಟಾವನ್ನೂ ಲಿವರ್ ಆಡಿಸಿಯೇ ಹೊರಹಾಕಬೇಕು. ಮಕ್ಕಳಿರುವ ಮನೆಯವರಿಗೆ ಇದು ಸಣ್ಣ ವಿಷಯವಲ್ಲ. ಹಿತ್ತಾಳೆಯ ಮಾದರಿ ನೋಡಲು ಚಂದ, ಹೊರಲು ಭಾರ. ಬೇಟೆಗೆ ಉಕ್ಕಿನದೇ ಸರಿ.

ಬ್ರೌನಿಂಗ್ ಬಿಎಲ್‌ಆರ್: ಬಿಚ್ಚಿ ತೆಗೆಯುವ ಪೆಟ್ಟಿಗೆ ಮ್ಯಾಗಜೀನ್, ಬೋಲ್ಟ್ ರೈಫಲ್‌ನ ತೋಟಾಗಳು. ಸ್ಯಾವೇಜ್‌ನ ಕೆಲಸವನ್ನು ಹೊಸ ಕಾಲದಲ್ಲಿ ಮಾಡುವುದು ಇದೇ.

.45-70 ತೋಟಾದ ಮಾರ್ಲಿನ್ 1895 ಬಗ್ಗೆ ಹೊಸಬರಿಗೆ ಆಸೆ ಜಾಸ್ತಿ. 1873ರ ಸೈನ್ಯದ ತೋಟಾ ಅದು, ದೊಡ್ಡ ಗುಂಡು, ದೊಡ್ಡ ಒದೆತ. ಅಲಾಸ್ಕಾದ ಕರಡಿ ನಾಡಿಗೆ ಹೋಗುವವರಿಗೆ ಅರ್ಥವಿದೆ. ಜಿಂಕೆಗೆ ಇಷ್ಟು ಬೇಡ. ಒಂದು ವಿನಾಯಿತಿ ಇದೆ: ಓಹಾಯೋದಂಥ ಕೆಲವು ರಾಜ್ಯಗಳಲ್ಲಿ ಜಿಂಕೆ ಬೇಟೆಯ ರೈಫಲ್‌ಗೆ ಕುತ್ತಿಗೆ ಇಲ್ಲದ ನೇರ ಗೋಡೆಯ ತೋಟಾಗಳನ್ನು ಮಾತ್ರ ಒಪ್ಪುತ್ತಾರೆ. .30-30ರ ಕುತ್ತಿಗೆ ಕಿರಿದು, ಹಾಗಾಗಿ ಅಲ್ಲಿ ಅದು ನಡೆಯುವುದಿಲ್ಲ. ಅಂಥ ಕಡೆ .45-70, .44 ಮ್ಯಾಗ್ನಮ್ ಅಥವಾ ರೆಮಿಂಗ್ಟನ್ 2023ರಲ್ಲಿ ತಂದ .360 ಬಕ್‌ಹ್ಯಾಮರ್ ನೋಡಿ. ರೈಫಲ್‌ಗೆ ದುಡ್ಡು ಕೊಡುವ ಮುಂಚೆ ನಿಮ್ಮ ರಾಜ್ಯದ ಆ ವರ್ಷದ ನಿಯಮ ಪುಸ್ತಕ ಓದಿ.

ಕಾಗದ ಪತ್ರ

ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಲೇಬೇಕು. ಎಚ್-1ಬಿ, ಎಫ್-1ರಂಥ ವೀಸಾದಲ್ಲಿ ಇರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಇರುವ ಬೇಟೆ ಲೈಸೆನ್ಸ್ ಅವುಗಳಲ್ಲಿ ಒಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ವೀಸಾದಲ್ಲಿದ್ದು ಕೊಳ್ಳುವುದಾದರೆ ಮೊದಲು ಬೇಟೆ ತರಬೇತಿ, ಲೈಸೆನ್ಸ್, ಆಮೇಲೆ ರೈಫಲ್. ಲೈಸೆನ್ಸ್ ಅವಧಿ ಮುಗಿದ ಮೇಲೂ ಬಂದೂಕು ಮನೆಯಲ್ಲೇ ಇದ್ದರೆ ದೊಡ್ಡ ತೊಂದರೆಗೆ ಸಿಲುಕಬಹುದು. ವಲಸೆ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳುವುದು ಒಳ್ಳೆಯದು. ಸ್ನೇಹಿತರ ಬಂದೂಕು ಅಂತ ಸುಮ್ನೆ ಎರವಲು ಪಡೆಯುವುದಕ್ಕೂ ಮುಂಚೆ ಈ ಕಾನೂನು ನೆನಪಿರಲಿ.

ಕೊಂಡ ಮೇಲೆ

ಒಂದೇ ಬಗೆಯ ತೋಟಾ ರಾಶಿ ಹಾಕಬೇಡಿ. ಬೇರೆ ಬೇರೆ ಕಂಪನಿಯ ಒಂದೊಂದು ಪೆಟ್ಟಿಗೆ ತಂದು, ಬೆಂಚಿನ ಮೇಲೆ ಒರಗಿಸಿ, 100 ಗಜಕ್ಕೆ ಕಾಗದದ ಮೇಲೆ ಹೊಡೆದು ನೋಡಿ. ಒಂದು ರೈಫಲ್ 150 ಗ್ರೇನ್ ಇಷ್ಟಪಟ್ಟರೆ ಇನ್ನೊಂದು 170 ಇಷ್ಟಪಡುತ್ತದೆ. ಗುಂಡುಗಳು ಹತ್ತಿರ ಹತ್ತಿರ ಬಿದ್ದದ್ದನ್ನೇ ಇಟ್ಟುಕೊಂಡು ಸೈಟ್ ಕೂರಿಸಿ. ಆಮೇಲೆ ಬೆಂಚು ಬಿಟ್ಟು, ಕಾಡಿನಲ್ಲಿ ಹೊಡೆಯುವ ಹಾಗೆ ನಿಂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆಯಿರಿ. ಸುಮಾರು 8 ಇಂಚಿನ ಕಾಗದದ ತಟ್ಟೆ ನೇತುಹಾಕಿ 50 ಗಜದಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯಿರಿ. ಎಲ್ಲಿಯವರೆಗೆ ಪ್ರತಿ ಗುಂಡೂ ತಟ್ಟೆಯೊಳಗೇ ಬೀಳುತ್ತದೋ, ಈ ಸೀಸನ್‌ಗೆ ಅಷ್ಟೇ ನಿಮ್ಮ ದೂರ. ಅದಕ್ಕಿಂತ ಆಚೆ ನಿಂತ ಜಿಂಕೆಗೆ ಹೊಡೆಯಬೇಡಿ.